ಹವಾಲ್ದಾರ್ ಭಾವನ ಬ್ಲೌಸು

ನಮ್ಮ ಕಡೆ ಮಿಲಿಟರಿಯಿಂದ ನಿವೃತ್ತರಾಗಿ ಬಂದವರಿಗೆ ಮುಂದಿನ ದಾರಿಯನ್ನು ಊರಿನವರೇ ಹಾಕಿಟ್ಟಿರುತ್ತಾರೆ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವುದು. ಅದು ಸಿಗದಿದ್ದರೆ ಎಟಿಎಂ. ಅದೂ ಇಲ್ಲವೆಂದರೆ ಯಾವುದಾದರೂ ಖಾಸಗಿ ಶಾಲೆಯಲ್ಲಿ ಡ್ರಿಲ್ ಮಾಸ್ತರು. ನನ್ನ ಹೆಂಡತಿಯ ಅಣ್ಣ, ಮಾಜಿ ಹವಾಲ್ದಾರ್ ಮಹಾಂತೇಶ್, ಇದ್ಯಾವುದೂ ಬೇಡ, ತಾನು ಫ್ಯಾಷನ್ ಡಿಸೈನರ್ ಆಗುತ್ತೇನೆ ಎಂದರು. ಆಗಲಿ ಬಿಡಿ, ಪ್ರಜಾಪ್ರಭುತ್ವ. ಆದರೆ ಅದನ್ನು ನಮ್ಮ ಮನೆಯ ಹಾಲಿನಲ್ಲೇ ಆಗುತ್ತೇನೆ ಎಂದರು ನೋಡಿ, ನನ್ನ ತಕರಾರು ಶುರುವಾದದ್ದು ಅಲ್ಲಿಂದ.

ನನ್ನ ಹೆಸರು ಸುರೇಂದ್ರ. ಶಿಕಾರಿಪುರದ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ಸೇಲ್ಸ್ ಎಕ್ಸಿಕ್ಯೂಟಿವ್. (ಅಂದರೆ ಹಳ್ಳಿ ಹಳ್ಳಿ ತಿರುಗಿ, ಟ್ರ್ಯಾಕ್ಟರ್ ಬೇಡ ಅನ್ನುವವರ ಮನೆಯಲ್ಲಿ ಚಹಾ ಕುಡಿದು ಬರುವವನು.) ಹಗಲೆಲ್ಲ ಬೈಕಿನ ಮೇಲೆ ಕುಲುಕಿಸಿಕೊಂಡು ಬಂದ ಈ ದೇಹಕ್ಕೆ ಸಂಜೆ ಬೇಕಾದದ್ದು ಹೆಚ್ಚೇನಲ್ಲ: ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿರುವ ದಿವಾನ, ಎದುರಿಗೆ ಟಿವಿ, ಅಶ್ವಿನಿ ತಂದುಕೊಡುವ ಚಹಾ. ಮದುವೆಯಾದ ಮೇಲೆ ನಾನು ಗೆದ್ದು ಸ್ಥಾಪಿಸಿದ ಸಾಮ್ರಾಜ್ಯ ಇಷ್ಟೇ.

ಭಾವ ಬಂದಿಳಿದ ದಿನ ಅವರ ಜೊತೆ ಒಂದು ಕಪ್ಪು ಟ್ರಂಕು ಇಳಿಯಿತು. ಇಬ್ಬರು ಹಿಡಿದರೂ ಏದುಸಿರು ಬರುವಷ್ಟು ಭಾರ. ಮಿಲಿಟರಿಯವರ ಟ್ರಂಕಿನ ಬಗ್ಗೆ ಗಂಡಸರಿಗೆ ಒಂದು ನಂಬಿಕೆ ಇರುತ್ತದೆ, ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಮನೆಯ ಸುರೇಶ, ಅಲ್ಲಿಯ ತನಕ ನನ್ನ ಮುಖ ಕಂಡರೆ ಗೇಟು ಹಾಕಿಕೊಳ್ಳುತ್ತಿದ್ದವನು, ಅವತ್ತು "ದೇಶ ಕಾದವರನ್ನು ಮಾತಾಡಿಸೋಣ ಅಂತ ಬಂದೆ" ಎಂದು ಒಂದು ಪೊಟ್ಟಣ ಖಾರದ ಶೇಂಗಾ ಹಿಡಿದುಕೊಂಡೇ ಬಂದ. ಟ್ರಂಕು ತೆರೆಯಿತು. ಒಳಗೆ ದಾರದ ಉಂಡೆಗಳು, ಲೇಸು, ಜರಿ, ಬಣ್ಣಬಣ್ಣದ ತುಂಡು ಬಟ್ಟೆಗಳು.

"ಮಿಲಿಟರಿ ಕ್ಯಾಂಟೀನಿಂದ ಬೇರೆ ಏನೂ ತರಲಿಲ್ವಾ ಭಾವ?" ಎಂದೆ, ಧ್ವನಿಯನ್ನು ಆದಷ್ಟು ಸಾಧಾರಣವಾಗಿಟ್ಟುಕೊಂಡು.

"ತಂದಿದೀನಲ್ಲ!" ಎಂದು ಒಂದು ಮಾರುದ್ದದ ಕತ್ತರಿ ಎತ್ತಿ ತೋರಿಸಿದರು.

ಸುರೇಶ ಶೇಂಗಾ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಎದ್ದುಹೋದ.

ಆಗಲೇ ನಮಗೆಲ್ಲ ಗೊತ್ತಾದದ್ದು, ಭಾವ ಸೈನ್ಯದಲ್ಲಿ ಇಷ್ಟು ವರ್ಷ ಇದ್ದದ್ದು ಟೈಲರ್ ಕೆಲಸದಲ್ಲಿ ಎಂದು. ಅವರು ಸುಳ್ಳು ಹೇಳಿರಲಿಲ್ಲ. ನಾವು ಕೇಳಿರಲಿಲ್ಲ. ಗಡಿಯಲ್ಲಿ ಇದ್ದದ್ದು ನಿಜ, ಚಳಿಯಲ್ಲಿ ಬೆರಳು ಮರಗಟ್ಟಿದ್ದೂ ನಿಜ, ಆದರೆ ಆ ಬೆರಳಿನಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಸೂಜಿ. ಯೂನಿಟ್ಟಿನ ಪೆರೇಡಿಗೆ ಯಾರ ಅಂಗಿಯಲ್ಲೂ ಒಂದು ಸುಕ್ಕು ಕಾಣದಂತೆ ಮಾಡುವುದು ಅವರ ಜವಾಬ್ದಾರಿ. ಆಫೀಸರುಗಳ ಹೆಂಡಿರ ಬ್ಲೌಸೂ ಮೆಲ್ಲಗೆ ಅವರ ಕೈಗೇ ಬರತೊಡಗಿತ್ತಂತೆ. ಪೋಸ್ಟಿಂಗ್ ಹಾಕಿದ ಊರಿನಲ್ಲೆಲ್ಲ ಅಲ್ಲಿಯ ಕಸೂತಿ ಕಲಿತಿದ್ದರು. ರಾಜಸ್ಥಾನದ್ದು ಒಂದು, ಕಾಶ್ಮೀರದ್ದು ಒಂದು.

ಈಸೂರಿನಿಂದ ನಮ್ಮತ್ತೆ ಬಸವಣ್ಣೆಮ್ಮ ಮೊದಲ ಬಸ್ಸಿಗೇ ಬಂದರು.

"ಅಲ್ಲೋ ಮಾಂತೇಶ, ಮಿಲ್ಟ್ರಿಯಾಗಿದ್ದು ಬಂದೋನು ಹೆಣ್ಮಕ್ಳ ಜಂಪರ್ ಹೊಲಿತೀನಿ ಅಂತೀಯಲ್ಲ, ನಿಂಗೆ ಹೆಣ್ಣು ಯಾರ್ ಕೊಡ್ತಾರಪಾ?"

"ಜಂಪರ್ ಚೆನ್ನಾಗಿದ್ರೆ ಅವರೇ ಬಂದು ಕೇಳ್ತಾರೆ ಬಿಡವ್ವ."

"ಊರಾಗೆ ಏನ್ ಹೇಳ್ಲಿ ನಾನು?"

"ಡಿಸೈನರ್ ಅನ್ನು."

"ಅದೆಂಗೆ ಅನ್ನೋದು? ನನ್ ಬಾಯಿಗೆ ಹೊಳ್ಳಂಗಿಲ್ಲ ಅದು!" ಎಂದು ನಮ್ಮತ್ತೆ ನನ್ನ ಕಡೆ ತಿರುಗಿದರು. "ಅಳಿಯಂದ್ರೇ, ನೀವು ನಾಕು ಕಡೆ ತಿರುಗಾಡೋರು. ಇವನಿಗೊಂದು ಬ್ಯಾಂಕ್ ಕೆಲಸ ನೋಡ್ರಿ."

ಅತ್ತೆಯ ಮಾತು ಮೀರುವವನು ನಾನಲ್ಲ. ಅದೂ ಅಷ್ಟು ಹೊತ್ತಿಗೆ ದಿವಾನದ ಮೇಲೆ ಬಟ್ಟೆಯ ಗುಡ್ಡ ಬೆಳೆದು, ಟಿವಿ ಇದ್ದ ಜಾಗಕ್ಕೆ ಹೊಲಿಗೆ ಮಿಷನ್ ಬಂದು, ಮೂಲೆಯಲ್ಲಿ ತಲೆಯಿಲ್ಲದ ಒಂದು ಗೊಂಬೆ ನಿಂತುಬಿಟ್ಟಿತ್ತು. ಸಂಜೆ ಮನೆಗೆ ಬಂದರೆ ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಚಹಾ ಕುಡಿಯಬೇಕು. ಭಾವನಿಗೆ ಬಂದೂಕು ಕೊಡಿಸಿದರೆ ನನಗೆ ದಿವಾನ ಸಿಗುತ್ತದೆ. ರಾಷ್ಟ್ರಹಿತವೂ ಆಯಿತು, ಗೃಹಹಿತವೂ ಆಯಿತು.

ಸೊರಬದಲ್ಲಿ ನನಗೆ ಗುರುತಿನ ಒಬ್ಬ ಬ್ಯಾಂಕ್ ಮ್ಯಾನೇಜರ್ ಇದ್ದರು, ಶ್ರೀಕೃಷ್ಣ ಅಂತ. ಟ್ರ್ಯಾಕ್ಟರ್ ಸಾಲದ ವಿಷಯಕ್ಕೆ ಆಗಾಗ ಅವರ ಮುಂದೆ ಕೈಕಟ್ಟಿ ನಿಂತು ಅಭ್ಯಾಸ. ಅವರ ಶಾಖೆಯಲ್ಲಿ ಗಾರ್ಡ್ ಕೆಲಸ ಖಾಲಿ ಇತ್ತು. "ಭಾನುವಾರ ಮನೆಗೇ ಕರಕೊಂಡು ಬನ್ನಿ, ಮಾತಾಡುವ" ಎಂದರು. ಸುಮ್ಮನೆ ಸೊರಬ ನೋಡಿಕೊಂಡು ಬರೋಣ ಎಂದು ಭಾವನನ್ನು ಬೈಕಿನ ಹಿಂದೆ ಕೂರಿಸಿಕೊಂಡೆ. ವಿಷಯವನ್ನು ಶಿರಾಳಕೊಪ್ಪ ದಾಟಿದ ಮೇಲೆ ಹೇಳಿದೆ. (ಶಿರಾಳಕೊಪ್ಪದಲ್ಲೇ ಹೇಳಿದ್ದರೆ ಇಳಿದು ವಾಪಸ್ ಬಸ್ ಹತ್ತುವುದು ಸುಲಭ, ಅದಕ್ಕೆ.) ಭಾವ ಬೈಯಲಿಲ್ಲ. "ಅವ್ವನ ಸಮಾಧಾನಕ್ಕೆ ಒಂದು ಸಲ ಮುಖ ತೋರಿಸಿ ಬರೋಣ" ಎಂದರು, ಅಷ್ಟೇ.

ಮ್ಯಾನೇಜರ ಮನೆಯೊಳಗೆ ಕಾಲಿಡುವಾಗಲೇ ವಾತಾವರಣ ಸರಿಯಿರಲಿಲ್ಲ. ಅವರ ಹೆಂಡತಿ ಸುಬ್ಬಲಕ್ಷ್ಮಿ ಸೋಫಾದ ತುಂಬ ಬ್ಲೌಸು ಹರಡಿಕೊಂಡು ಕೂತಿದ್ದರು. ಮಗಳು ಶ್ರೀವಾಣಿಯ ಮದುವೆ ಹತ್ತಿರ ಬಂದಿತ್ತು. ಎಲ್ಲೋ ದೊಡ್ಡ ಊರಿನ ಬೊಟೀಕಿಗೆ ಕೊಟ್ಟಿದ್ದ ಬ್ಲೌಸುಗಳು ಬಂದಿದ್ದವು, ಒಂದೂ ಸರಿಯಾಗಿರಲಿಲ್ಲ.

ನಾನು ನನ್ನ ಭಾಷಣ ಶುರು ಮಾಡಿದೆ. "ಸಾರ್, ನಮ್ಮ ಭಾವ ಬಂದೂಕು ಹಿಡಿದರೆ ಸಾರ್..."

"ಅಮ್ಮಾ," ಎಂದರು ಭಾವ, ಸೋಫಾದ ಕಡೆ ನೋಡುತ್ತಾ. "ಈ ತೋಳು ಬಲಗಡೆದನ್ನ ಎಡಗಡೆಗೆ ಹಚ್ಚಿದಾರೆ."

ಸುಬ್ಬಲಕ್ಷ್ಮಿಯವರು ತಲೆ ಎತ್ತಿದರು. "ಎಂಥದು?"

"ಬಗಲಲ್ಲಿ ಸುಕ್ಕು ಬರ್ತಿರೋದು ಅದಕ್ಕೇ. ಸೂಜಿ ಇದೆಯಾ?"

"ಸಾರ್, ಇವರು ಚಳಿ ಗಾಳಿ ಅನ್ನದೆ ನಿಂತವರು," ಎಂದೆ ನಾನು, ಇನ್ನೂ ಜೋರಾಗಿ.

ಯಾರೂ ನನ್ನ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಭಾವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತೋಳು ಬಿಚ್ಚಿ, ತಿರುಗಿಸಿ, ಕೈಹೊಲಿಗೆ ಹಾಕಿ ಕೊಟ್ಟರು. ಶ್ರೀವಾಣಿ ಒಳಗೆ ಹೋಗಿ ಹಾಕಿಕೊಂಡು ಬಂದಳು. ಸುಬ್ಬಲಕ್ಷ್ಮಿಯವರು ಮಗಳನ್ನು ಸುತ್ತ ತಿರುಗಿಸಿ ನೋಡಿ, "ಅಯ್ಯೋ ಮಾರಾಯ್ರೆ, ನೀವು ಇಷ್ಟು ದಿನ ಎಲ್ಲಿದ್ರಿ?" ಎಂದರು.

"ಜಮ್ಮುವಿನಲ್ಲಿ."

ಮದುವೆಯ ಬ್ಲೌಸುಗಳೆಲ್ಲ ಹೊಸದಾಗಿ ಆಗಬೇಕು. ಮದುಮಗಳದ್ದು, ತಾಯಿಯದ್ದು, ಚಿಕ್ಕಮ್ಮ ದೊಡ್ಡಮ್ಮಂದಿರದ್ದು, ಎಲ್ಲ ಭಾವನಿಗೇ ಎಂದು ಅಲ್ಲೇ ತೀರ್ಮಾನವಾಯಿತು. ಮ್ಯಾನೇಜರು ನಕ್ಕು ಭಾವನಿಗೆ ಹೇಳಿದರು: "ಒಂದು ಕೆಲಸ ಮಾಡುವ. ಮದುವೆ ಮುಗಿಯುವ ತನಕ ಆ ಗಾರ್ಡ್ ಜಾಗ ಹಾಗೇ ಇರಲಿ. ಬ್ಲೌಸು ಸರಿಯಾದರೆ ನಿಮ್ಮ ದಾರಿ ನಿಮ್ಮದು. ಕೆಟ್ಟರೆ ಬಂದೂಕು ಹಿಡೀರಿ."

"ಒಪ್ಪಿದೆ ಸಾರ್. ಕೆಟ್ಟರೆ ಮತ್ತೆ ಸೂಜಿ ಮುಟ್ಟೋದಿಲ್ಲ," ಎಂದು ಭಾವ ಎದ್ದು ನಿಂತರು. ಆ ಮಾತನ್ನು ಅವರು ತಮಾಷೆಗೆ ಹೇಳಿರಲಿಲ್ಲ ಅಂತ ನನಗೆ ಬರುವ ದಾರಿಯಲ್ಲಿ ತಿಳಿಯಿತು. ಸೊರಬದಿಂದ ಶಿಕಾರಿಪುರದ ತನಕ ಬೈಕಿನ ಹಿಂದೆ ಕೂತು ಬ್ಲೌಸುಗಳ ಲೆಕ್ಕವನ್ನೇ ಗುಣುಗುತ್ತಿದ್ದರು.

ನನ್ನ ಮಾತು ಹೇಳಬೇಕೆಂದರೆ, ದೇವರಿಗೆ ಕೈಮುಗಿದದ್ದು ನಿಜ. ಏನು ಬೇಡಿಕೊಂಡೆ ಅಂತ ಮಾತ್ರ ಅಶ್ವಿನಿಗೆ ಹೇಳಬೇಡಿ.

ಅಳತೆಗೆ ಹೆಣ್ಣಿನ ಕಡೆಯವರು ಒಂದು ಕಾರು ತುಂಬಿಕೊಂಡು ನಮ್ಮ ಮನೆಗೇ ಬಂದರು. ಎಲ್ಲರ ಕೈಯಲ್ಲೂ ಒಂದೊಂದು ಹಳೆಯ ಬ್ಲೌಸು. ನಮ್ಮ ಕಡೆ ಪದ್ಧತಿಯೇ ಹಾಗೆ. ಸರಿ ಕೂರುವ ಹಳೆಯದೊಂದನ್ನು ಅಳತೆಗೆ ಕೊಟ್ಟರೆ ಟೈಲರ್ ಅದರ ಪ್ರಕಾರ ಹೊಲಿಯುತ್ತಾನೆ. ಟೈಲರ್ ಕೈಯ ಟೇಪು ಯಾರ ಮೈಯನ್ನೂ ಮುಟ್ಟುವುದಿಲ್ಲ. ಭಾವ ಅವುಗಳನ್ನು ಒಂದೊಂದಾಗಿ ಎಳೆದು ನೋಡಿ ಪಕ್ಕಕ್ಕಿಟ್ಟರು.

"ಇವು ನಿಮ್ಮ ಅಳತೆ ಅಲ್ಲಮ್ಮ. ಆ ಟೈಲರ್ ಮಾಡಿದ ತಪ್ಪಿನ ಅಳತೆ. ಸೈನ್ಯದಲ್ಲಿ ಹಳೆ ಅಂಗಿ ನೋಡಿ ಹೊಸ ಅಂಗಿ ಹೊಲಿಯಂಗಿಲ್ಲ. ಆಳನ್ನೇ ನಿಲ್ಲಿಸಿ ತಗೋಬೇಕು."

ಹೆಂಗಸರು ಮುಖ ಮುಖ ನೋಡಿಕೊಂಡರು. ಕೊನೆಗೆ ಏರ್ಪಾಟಾದದ್ದು ಹೀಗೆ: ಹಾಲಿನ ನಡುವೆ ಒಂದು ಬೆಡ್‌ಶೀಟಿನ ಪರದೆ. ಆಚೆ ಹೆಂಗಸರು ಮತ್ತು ಟೇಪು ಹಿಡಿದ ಅಶ್ವಿನಿ. ಈಚೆ, ಬಾಗಿಲ ಬಳಿ, ಬೆನ್ನು ಹಾಕಿ ನಿಂತ ಭಾವ. ಪರದೆಯ ಒಂದು ತುದಿಯನ್ನು ಕಿಟಕಿಗೆ ಕಟ್ಟಿತ್ತು. ಇನ್ನೊಂದು ತುದಿ ಕಟ್ಟಲು ಮೊಳೆ ಇರಲಿಲ್ಲ. ಆದ್ದರಿಂದ ನಾನು ಇದ್ದೆ. ಗೋಡೆಗೆ ಮುಖ ಮಾಡಿ, ಕೈ ಮೇಲೆತ್ತಿ.

"ಸಾವಧಾನ್!" ಎಂದರು ಭಾವ.

ಬೀದಿಯಲ್ಲಿ ಹೋಗುತ್ತಿದ್ದ ತರಕಾರಿ ಗಾಡಿ ನಿಂತುಬಿಟ್ಟಿತು.

"ಎದೆ ಮುಂದೆ, ಭುಜ ಹಿಂದೆ, ಗದ್ದ ಮೇಲೆ. ಅಶ್ವಿನಿ, ಬೆನ್ನಗಲ ತಗೋ. ಯಾರೂ ಅಲ್ಲಾಡಬಾರದು!"

"ಅಣ್ಣ, ದೊಡ್ಡಮ್ಮನವರು ಉಸಿರು ಬಿಡಬಹುದಾ ಅಂತ ಕೇಳ್ತಿದಾರೆ."

"ಅಳತೆ ಆದಮೇಲೆ."

ಒಳಗೆ ಕಿಸಕ್ಕನೆ ನಗು. ಆದರೆ ನಿಂತರು ನೋಡಿ, ಒಬ್ಬೊಬ್ಬರಾಗಿ, ಗಣರಾಜ್ಯೋತ್ಸವಕ್ಕೆ ನಿಂತ ಹಾಗೆ ನಿಂತು ಅಳತೆ ಕೊಟ್ಟರು. ನನ್ನ ಕೈ ಜೋಮು ಹಿಡಿದು, ಅದು ನನ್ನದೋ ಕಿಟಕಿಯದೋ ತಿಳಿಯದಂತಾಯಿತು.

ಆಮೇಲಿನ ದಿನಗಳಲ್ಲಿ ಭಾವ ಹೊಲಿದ ರೀತಿ ನೋಡಿದರೆ ನನ್ನಂಥ ಸ್ವಾರ್ಥಿಯ ಮನಸ್ಸೂ ಒಂದು ಕ್ಷಣ ಕರಗಬೇಕು. ಕರಗಿತು ಕೂಡ. ಮದುಮಗಳ ಬ್ಲೌಸಿನ ಬೆನ್ನಿಗೆ ಜರಿಯಲ್ಲಿ ಒಂದು ಭತ್ತದ ತೆನೆ ಬರೆದಿದ್ದರು. ಅದರ ಒಂದೊಂದು ಕಾಳೂ ಬೇರೆ ಬೇರೆ ಕಾಣುತ್ತಿತ್ತು. ಒಂದು ಎಲೆ ಸರಿಬಂದಿಲ್ಲವೆಂದು ತೋಳಿನಂಚಿನ ಇಡೀ ಹೂವಿನ ಸಾಲು ಬಿಚ್ಚಿ ಮತ್ತೆ ಹಾಕಿದರು. ಅಶ್ವಿನಿ ಅಣ್ಣನ ಪಕ್ಕ ಕೂತು ಹುಕ್ಕು ಹೊಲಿಯುತ್ತಾ, ಲೈನಿಂಗ್ ಕತ್ತರಿಸುತ್ತಾ, ನಾನು ಬಂದದ್ದನ್ನೂ ಗಮನಿಸದಷ್ಟು ಖುಷಿಯಲ್ಲಿದ್ದಳು. ಒಂದು ಸಂಜೆ ನಾನು ಹೊಸ್ತಿಲಿಂದ, "ಚಹಾ?" ಎಂದೆ. "ಮಾಡ್ರಿ, ನಮಗೂ ಎರಡು ಲೋಟ," ಎಂದಳು. ನನ್ನ ಮನಸ್ಸು ಮತ್ತೆ ಗಟ್ಟಿಯಾಯಿತು.

ಮದುವೆ ಸೊರಬದ ಒಂದು ಕಲ್ಯಾಣ ಮಂಟಪದಲ್ಲಿ. ಬೆಳಗ್ಗೆ ನಾವು ಮೂವರೂ ಹೋಗಿ ಇಳಿದೆವು. ನಾನು ಎರಡನೇ ಇಡ್ಲಿಗೆ ಕೈ ಹಾಕುವಷ್ಟರಲ್ಲಿ ಅಶ್ವಿನಿ ಓಡುತ್ತಾ ಬಂದಳು. ಮುಖ ಬಿಳಿಚಿತ್ತು.

"ಅಣ್ಣ ಎಲ್ಲಿ? ಬ್ಲೌಸು ಹಿಡೀತಿದೆ!"

"ಯಾರದ್ದು?"

"ಎಲ್ಲರದ್ದೂ!"

ಭಾವ ಮದುಮಗಳ ಕೋಣೆಯ ಬಾಗಿಲ ಹೊರಗೆ ನಿಂತು ವಿಚಾರಣೆ ನಡೆಸಿದರು. ನೆಟ್ಟಗೆ ನಿಂತರೆ ಬ್ಲೌಸು ಮೈಗೆ ಬರೆದ ಹಾಗೆ ಕೂರುತ್ತದೆ; ಹಾಕಿ ನೋಡಿದ ದಿನ ಎಲ್ಲರೂ ಕನ್ನಡಿ ಮುಂದೆ ನೆಟ್ಟಗೇ ನಿಂತಿದ್ದರು. ಸ್ವಲ್ಪ ಮುಂದೆ ಬಾಗಿದರೆ, ಭುಜ ಇಳಿಬಿಟ್ಟರೆ, ಬೆನ್ನು ಬಿಗಿದು ಹುಕ್ಕು ಕಿತ್ತುಬರುವಂತಾಗುತ್ತದೆ. ಒಳಗಿನಿಂದ ಸುಬ್ಬಲಕ್ಷ್ಮಿಯವರ ಧ್ವನಿ: "ಮಾರಾಯ್ರೆ, ನಾನು ಕೂತುಕೊಳ್ಳುವುದು ಹೇಗೆ?"

ಭಾವ ಗೋಡೆಗೆ ಒರಗಿದರು. "ಸುರೇಂದ್ರ, ದೊಡ್ಡ ತಪ್ಪಾಯ್ತು. ಎಲ್ಲರನ್ನೂ ಸಾವಧಾನ್ ನಿಲ್ಲಿಸಿ ಅಳತೆ ತಗೊಂಡೆ. ವಿಶ್ರಾಮ್‌ಗೆ ಅಂತ ಬೆನ್ನಲ್ಲಿ ಬಟ್ಟೆ ಬಿಡಲೇ ಇಲ್ಲ. ಸಿಪಾಯಿಗೆ ನಡೆಯುತ್ತೆ. ಅವನು ಪೆರೇಡ್ ಮುಗಿಸಿ ಅಂಗಿ ಬಿಚ್ಚಿಡ್ತಾನೆ. ಇವರು ಮದುವೆ ಮಾಡಬೇಕು."

ಮುಹೂರ್ತಕ್ಕೆ ಸಮಯವಿರಲಿಲ್ಲ. ಬಿಚ್ಚಿ ಹೊಲಿಯುವಂತೆಯೂ ಇರಲಿಲ್ಲ. ಭಾವನ ಮುಖ ನೋಡಿ ನನಗೂ ಪಾಪ ಅನ್ನಿಸಿತು. ಆದರೆ ಹಾಗೆ ಅನ್ನಿಸುವಷ್ಟರಲ್ಲೇ ನನ್ನ ಕಾಲುಗಳು ಮ್ಯಾನೇಜರನ್ನು ಹುಡುಕಿಕೊಂಡು ಹೊರಟಿದ್ದವು. ಪಂಚೆ ಉಟ್ಟು ಅತಿಥಿಗಳನ್ನು ಸ್ವಾಗತಿಸುತ್ತಿದ್ದವರ ಕಿವಿಯಲ್ಲಿ ಹೇಳಿದೆ: "ಸಾರ್, ಆ ಗಾರ್ಡ್ ಕೆಲಸ. ಭಾವ ಸೋಮವಾರವೇ ಬಂದು ಸೇರ್ತಾರೆ. ಬೇರೆಯವರಿಗೆ ಕೊಡಬೇಡಿ."

"ಒಳ್ಳೇದಾಯ್ತು," ಎಂದರು ಅವರು. ನನ್ನ ಕಣ್ಣ ಮುಂದೆ ದಿವಾನ ತೇಲಿಬಂತು.

ನಾನು ವಾಪಸ್ ಬರುವಷ್ಟರಲ್ಲಿ ಬಾಗಿಲ ಹೊರಗೆ ಭಾವ ಮತ್ತೆ ಹವಾಲ್ದಾರರಾಗಿದ್ದರು. "ಎಲ್ಲರೂ ಕೇಳಿ. ಬೆನ್ನು ಬಗ್ಗಿಸಬೇಡಿ, ಸೊಂಟದಿಂದ ಬಗ್ಗಿ. ಕೈ ಮುಂದೆ ಚಾಚೋವಾಗ ಭುಜ ಹಿಂದೇ ಇರಲಿ. ಕೂರೋವಾಗ ಗದ್ದ ಮೇಲೆ. ಅಶ್ವಿನಿ, ಒಂದು ಸಲ ಮಾಡಿಸು." ಒಳಗೆ ಕವಾಯತು ನಡೆಯಿತು. ಪುರೋಹಿತರು ಎರಡು ಸಲ ಬಂದು ಕೇಳಿದರು, "ಹುಡುಗಿ ಬರ್ತಾಳೋ?" "ಇನ್ನೊಂದು ಸುತ್ತು ಇದೆ," ಎಂದು ನಾನೇ ಹೇಳಿ ಕಳಿಸಿದೆ.

ಆಮೇಲೆ ಬಾಗಿಲು ತೆರೆಯಿತು.

ನಾನು ಬಹಳ ಮದುವೆ ನೋಡಿದ್ದೇನೆ. ಹೆಣ್ಣಿನ ಕಡೆಯವರು ಹೀಗೆ ಬಂದದ್ದು ನೋಡಿಲ್ಲ. ಮುಂದೆ ಶ್ರೀವಾಣಿ, ಹಿಂದೆ ತಾಯಿ, ಅವರ ಹಿಂದೆ ಚಿಕ್ಕಮ್ಮ ದೊಡ್ಡಮ್ಮಂದಿರು, ಒಬ್ಬರ ಬೆನ್ನೂ ಒಂದು ಎಳೆಯಷ್ಟು ಬಾಗಿಲ್ಲ. ಫೋಟೋಗ್ರಾಫರ್ ಕ್ಯಾಮೆರಾ ಕೆಳಗಿಳಿಸಿ ಒಮ್ಮೆ ಬರಿಗಣ್ಣಲ್ಲಿ ನೋಡಿಕೊಂಡ. ಧಾರೆಯ ಹೊತ್ತಿಗೆ ಶ್ರೀವಾಣಿ ಕೈ ಚಾಚಿದಳು, ಭುಜ ಅಲ್ಲಾಡಲಿಲ್ಲ. ಹಿರಿಯರ ಕಾಲಿಗೆ ನಮಸ್ಕರಿಸುವಾಗ ಸೊಂಟದಿಂದ ಬಗ್ಗಿ, ತೇರಿನ ಬಾವುಟ ಇಳಿಸಿ ಏರಿಸಿದ ಹಾಗೆ ಎದ್ದಳು. ಒಬ್ಬರು ಚಿಕ್ಕಮ್ಮ ಮಾತ್ರ ಹೋಮದ ಹೊಗೆಗೆ ಸೀನಿದರು. ಒಂದು ಹುಕ್ಕು ಹುತಾತ್ಮವಾಯಿತು. ಸೆರಗಿನ ಮರೆಯಲ್ಲಿ, ಅಶ್ವಿನಿಯ ಪಿನ್ನಿನಿಂದ, ಗುಟ್ಟಾಗಿ ಅದರ ಉತ್ತರಕ್ರಿಯೆ ನಡೆಯಿತು.

ಊಟದ ಹೊತ್ತಿಗೆ ಭಾವ ನೇರ ಮ್ಯಾನೇಜರ ದಂಪತಿಯ ಮುಂದೆ ಹೋಗಿ ನಿಂತರು. ನಾನು, ಅಶ್ವಿನಿ ಹಿಂದೆ.

"ಅಮ್ಮ, ತಪ್ಪು ನನ್ನದು. ಬ್ಲೌಸಲ್ಲಿ ಬಗ್ಗೋಕೆ ಜಾಗ ಬಿಟ್ಟಿಲ್ಲ. ಸಾರ್, ಮಾತು ಕೊಟ್ಟ ಹಾಗೆ ನಾನು ಗಾರ್ಡ್ ಕೆಲಸಕ್ಕೆ ಬರ್ತೀನಿ." ಧ್ವನಿ ಗಟ್ಟಿಯಾಗಿಯೇ ಇತ್ತು. ಕೈಯಲ್ಲಿದ್ದ ಇಂಚು ಟೇಪನ್ನು ಮಾತ್ರ ಸುತ್ತುತ್ತಲೇ ಇದ್ದರು.

"ಎಂಥ ತಪ್ಪು?" ಎಂದರು ಸುಬ್ಬಲಕ್ಷ್ಮಿ, ಗದ್ದ ಇಳಿಸದೆ. "ನನ್ನ ಮಗಳು ಮೊಬೈಲ್ ನೋಡಿ ನೋಡಿ ಕಾಲೇಜಿನಿಂದ ಗೂನು ಬೆನ್ನು. ಹೇಳಿ ಹೇಳಿ ನನ್ನ ಗಂಟಲು ಹೋಯ್ತು. ಅವಳು ನೆಟ್ಟಗೆ ನಿಂತದ್ದು ನಾನು ಇವತ್ತು ನೋಡಿದ್ದು! ಬೀಗಿತ್ತಿ ಬಂದು, ಎಷ್ಟು ಗಾಂಭೀರ್ಯ ನಿಮ್ಮ ಮನೆ ಹೆಂಗಸರಿಗೆ, ಬ್ಲೌಸು ಎಲ್ಲಿ ಹೊಲಿಸಿದ್ದು ಅಂತ ಎರಡು ಸಲ ಕೇಳಿಹೋದರು. ನನಗೆ ಸೊಂಟನೋವು ಬೆಳಗ್ಗಿಂದ ಇಲ್ಲ ಗೊತ್ತುಂಟಾ? ಇದನ್ನು ಸರಿಮಾಡಿದರೆ ನೋಡಿ ಮತ್ತೆ. ಹೀಗೇ ಇನ್ನೂ ಬೇಕು."

ಭಾವನ ಕೈಯ ಟೇಪು ನಿಂತಿತು.

"ಹಾಗಾದರೆ ಸೋಮವಾರ ಸೇರುವುದಿಲ್ಲವೋ?" ಎಂದರು ಮ್ಯಾನೇಜರು ಮುಗ್ಧವಾಗಿ. "ಬೆಳಗ್ಗೆ ಸುರೇಂದ್ರ ಬಂದು ನೀವು ಒಪ್ಪಿದ್ದೀರಿ ಅಂದರಲ್ಲ?"

ಅಶ್ವಿನಿ ನನ್ನ ಕಡೆ ತಿರುಗಿದಳು. ಅವಳ ಬ್ಲೌಸೂ ಅಣ್ಣನದ್ದೇ ಹೊಲಿಗೆ. ಆ ಎತ್ತರದಿಂದ ಅವಳು ನನ್ನನ್ನು ನೋಡಿದ್ದು ಅದೇ ಮೊದಲು.

"ಬೆಳಗ್ಗೆ? ಅಣ್ಣ ಬಾಗಿಲ ಹೊರಗೆ ನಿಂತು ಒದ್ದಾಡ್ತಿದ್ದಾಗ?"

"ಅದು... ಮುನ್ನೆಚ್ಚರಿಕೆ," ಎಂದೆ.

"ನಿಮಗೆ ಹಾಲ್ ಬೇಕು, ಅಷ್ಟೇ ತಾನೆ?"

ಊಟದ ಎಲೆಯ ಮುಂದೆ ಸುಳ್ಳು ಹೇಳಲಾಗಲಿಲ್ಲ. ತಲೆಯಾಡಿಸಿದೆ. ಭಾವ ನಕ್ಕುಬಿಟ್ಟರು. "ಹೋಗ್ಲಿ ಬಿಡು ಅಶ್ವಿನಿ, ಪಾಪ, ಅವರೂ ಎಷ್ಟು ದಿನ ಹೊಸ್ತಿಲ ಮೇಲೆ ಕೂರ್ತಾರೆ." ನನಗೆ ಬೈಗಳಿಗಿಂತ ಅದು ಜಾಸ್ತಿ ತಾಗಿತು. ಆದರೂ ಹೋಳಿಗೆ ಬಡಿಸಿದವರಿಗೆ ಬೇಡ ಅನ್ನಲಿಲ್ಲ.

ಶಿರಾಳಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ಭಾವ ಅಂಗಡಿ ಹಿಡಿದರು. ಸೊರಬದವರಿಗೂ ಸಮ, ಶಿಕಾರಿಪುರದವರಿಗೂ ಸಮ. ಬೋರ್ಡು ಬರೆಸಿದ ದಿನ ನಮ್ಮತ್ತೆ ಅದರ ಕೆಳಗೆ ನಿಂತು, ಬಂದವರಿಗೆಲ್ಲ "ನಮ್ ಮಾಂತೇಶ ಡೀಜಾನರು" ಎಂದು ತಾವೇ ಹೇಳುತ್ತಿದ್ದರು. ಮಿಷನ್, ಗೊಂಬೆ, ಟ್ರಂಕು, ಬಟ್ಟೆಯ ಗುಡ್ಡ ಎಲ್ಲ ಒಂದೇ ಟೆಂಪೋದಲ್ಲಿ ಹೋದವು. ನಾನು ಉತ್ಸಾಹದಿಂದ ಹೊತ್ತು ಹತ್ತಿಸಿದೆ. ಕೊನೆಗೆ ಅಶ್ವಿನಿಯೂ ಚೀಲ ಹಿಡಿದು ಡ್ರೈವರ್ ಪಕ್ಕ ಹತ್ತಿ ಕೂತಳು.

"ನೀನೆಲ್ಲಿಗೆ?"

"ಅಂಗಡಿಗೆ. ಅಳತೆ ತಗೊಳ್ಳೋರು ಯಾರು ಮತ್ತೆ? ಅಣ್ಣ ಪಾಲುದಾರಳು ಅಂತ ಮಾಡ್ಕೊಂಡಿದಾನೆ. ಬೆಳಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರ್ತೀನಿ."

"ಹಂಗಾದ್ರೆ ಮನೆ?"

"ಹಾಲ್ ಖಾಲಿ ಇದೆಯಲ್ರೀ. ಆರಾಮಾಗಿರಿ."

ಆರಾಮಾಗಿದ್ದೇನೆ. ದಿವಾನ ನನ್ನದು, ಟಿವಿ ನನ್ನದು, ರಿಮೋಟ್ ಕೇಳುವವರಿಲ್ಲ. ಶೋರೂಮಿಗೆ ರಜೆಯಿದ್ದ ಒಂದು ದಿನ ಬೆಳಗಿನಿಂದ ಆ ಸಾಮ್ರಾಜ್ಯದ ಮಧ್ಯೆ ಮಲಗಿ ನೋಡಿದೆ. ಚಹಾ ಮಾತ್ರ ತಾನಾಗಿ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಾಕಾಗಿ, ಅನ್ನ ಮಾಡಿ, ಸಾರು ಅಂತ ಏನೋ ಒಂದು ಮಾಡಿ, ಬುತ್ತಿ ಡಬ್ಬಿಗೆ ತುಂಬಿಕೊಂಡು ಬೈಕ್ ಹತ್ತಿದೆ. ಅಂಗಡಿಯಲ್ಲಿ ಹೆಂಗಸರ ಗುಂಪು. ಒಳಗಿನಿಂದ ಅಶ್ವಿನಿಯ ಧ್ವನಿ ಕೇಳಿಸುತ್ತಿತ್ತು. ಈಗ "ಸಾವಧಾನ್" ಅವಳೇ ಹೇಳುತ್ತಾಳೆ. ಆಮೇಲೆ ತಪ್ಪದೆ "ವಿಶ್ರಾಮ್" ಕೂಡ.

ಬಿಡುವು ಸಿಕ್ಕಾಗ ಅಣ್ಣ ತಂಗಿ ಕತ್ತರಿಸುವ ಮೇಜಿನ ಮೇಲೇ ಬುತ್ತಿ ಬಿಚ್ಚಿದರು. ಭಾವ ಒಂದು ತುತ್ತು ತಿಂದು ಕಣ್ಣು ಮುಚ್ಚಿದರು.

"ಯೂನಿಟ್ ನೆನಪಾಯ್ತು ಸುರೇಂದ್ರ."

"ಅಷ್ಟು ಚೆನ್ನಾಗಿದೆಯಾ ಭಾವ?"

"ನಮ್ಮ ಅಡಿಗೆಯವನು ರಜೆ ಹೋದಾಗ ಟ್ರಕ್ ಡ್ರೈವರ್ ಅಡಿಗೆ ಮಾಡ್ತಿದ್ದ. ಥೇಟ್ ಅದೇ ರುಚಿ."

ಅಶ್ವಿನಿ ನಗಲಿಲ್ಲ. ಎರಡನೇ ಸಲ ಸಾರು ಹಾಕಿಸಿಕೊಂಡು, ಕೊರಳಿಗೆ ಟೇಪು ನೇತುಹಾಕಿಕೊಂಡೇ, ಬಹಳ ಪ್ರೀತಿಯಿಂದ ಹೇಳಿದಳು:

"ಪರವಾಗಿಲ್ರೀ. ನಾಳೆ ಉಪ್ಪು ಸ್ವಲ್ಪ ಕಮ್ಮಿ ಹಾಕಿ."

ಹೊಗಳಿದಳಲ್ಲ ಎಂದು ಹಿಗ್ಗುತ್ತಲೇ ಮನೆಗೆ ಬಂದೆ. ಅವಳು "ನಾಳೆ" ಅಂದಿದ್ದಳು ಎಂಬುದು ಬುತ್ತಿ ಡಬ್ಬಿ ತೊಳೆದು ಬೋರಲು ಹಾಕುವಾಗ ಹೊಳೆಯಿತು.